ಕಾಮಜ್ಜಿ ಬಿಟ್ಟ ಜಾಗ

ತಕ್ ತಕ್ ತಕಾ ತಕ್, ಬಸ್ಸಿನ ಬಾಗಿಲ ಚಿಲಕ ಸಡಿಲಾಗಿದೆ, ಐದು ಸಲ ಬಡಿದು ಆರನೆಯದನ್ನು ನುಂಗುತ್ತದೆ, ಅಲ್ಲ, ನುಂಗುವುದಲ್ಲ, ಬಾಗಿಲು ಆಗ ಒಮ್ಮೆ ಒಳಕ್ಕೆ ಉಸಿರೆಳೆದುಕೊಳ್ಳುತ್ತದೆ, ಕವಿತಾಳ ಬೆರಳು ಮಡಿಲಿನ ಬ್ಯಾಗಿನ ಮೇಲೆ ತನ್ನಷ್ಟಕ್ಕೇ ಎಣಿಸುತ್ತಿದೆ, ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಎದ್ದು ಹೋಗಿ ಫೋನನ್ನು ಚಿಲಕಕ್ಕೆ ಹಿಡಿದು ನಿಂತಿರುತ್ತಿದ್ದಳು, ಏನೇ ಹುಡ್ಗಿ, ಬಾಗಿಲಿಗೆ ಜ್ವರ ಬಂದದ್ಯಾ, ನೋಡ್ತಾ ಇದ್ದೀಯಲ್ಲ ಎಂದು ಕಂಡಕ್ಟರ್ ತಮಾಷೆ ಮಾಡಿರುತ್ತಿದ್ದ, ಕಾರವಾರ–ಅಂಕೋಲೆ ಬಸ್ಸಿನವರಿಗೆಲ್ಲ ಅವಳ ಗುರುತಿದೆ, ಕಾಲೇಜಿಗೆ ಹೋಗುವ ಬೆಳಂಬಾರದ ಹುಡುಗಿ, ಕಿವಿಯಲ್ಲಿ ಯಾವಾಗಲೂ ಇಯರ್‌ಫೋನಿನ ಬಳ್ಳಿ ಇಳಿಬಿಟ್ಟುಕೊಂಡವಳು. ಫೋನಿನಲ್ಲಿ ಹಿಡಿದಿಟ್ಟ ಇಂಥ ಸದ್ದುಗಳು ಮೂವತ್ತೊಂದು ಇವೆ, ಬೈತಖೋಲದ ದೋಣಿ ಇಂಜಿನ್ನು, ಸಂತೆಯಲ್ಲಿ ಮೀನು ಮಾರುವವಳ ಕೂಗು, ಗೆಳತಿಯ ಹಾಸ್ಟೆಲಿನ ಅನ್ನದ ಹಂಡೆಯ ಮುಚ್ಚಳ, ಇವುಗಳ ನಡುವೆ ಯಾರ್ಯಾರೋ ತಮ್ಮ ಮನೆಯ ಕೋಣೆಯಲ್ಲಿ ಕೂತು ಹಾಡಿ ಹಾಕಿದ ಹಾಡುಗಳು, ನೂರು ಜನವೂ ಕೇಳಿರದ ಹಾಡುಗಳು, ಅಂಥದೊಂದು ಸಿಕ್ಕಿದರೆ ಅವಳಿಗೆ ಮಧ್ಯಾಹ್ನದ ಊಟ ಬೇಡ, ಯಾರು ಇವನು, ಯಾವ ಊರು, ಈ ತಂತಿಯನ್ನು ಇಷ್ಟು ಸಡಿಲ ಯಾಕೆ ಬಿಟ್ಟ, ಹಿಂದೆ ಕೇಳುವುದು ಮಳೆಯೋ ಒಗ್ಗರಣೆಯೋ. ಇವತ್ತು ಫೋನು ತೆಗೆಯಬೇಕೆಂದೇ ಅನಿಸುವುದಿಲ್ಲ. ತೆಗೆದರೆ ಅದರಲ್ಲಿ ಅಜ್ಜಿಯ ಹಾಡಿದೆ, ಹಾಡಿನ ಜೊತೆಗೆ ಕದ್ವಾಡದ ಆ ಹಿತ್ತಲ ಮೆಟ್ಟಿಲು ಬರುತ್ತದೆ, ಮೆಟ್ಟಿಲ ಮೇಲೆ ಕೂತ ರುಕ್ಮಿಣಜ್ಜಿ, ಅಜ್ಜಿಯ ಹಳೇ ಗೆಳತಿ, ಅವಳ ಬಾಯಿ — ತೆರೆಯಿತು, ಮುಚ್ಚಿತು.

ಟ್ರಿಂಗ್, ಗುರುಪ್ರಸಾದನ ಮೆಸೇಜು, ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ಹಿಡಿಯುವವನು, ಏ ಕವಿತಾ, ಅಜ್ಜಿ ಹಾಡು ಏಳು ಗಂಟೆಗೆ ನಮ್ಮ ಪೇಜಿಗೆ ಹಾಕಿಬಿಡ್ಲಾ, ಫೋಟೋಕ್ಕೆ ನಿನ್ನ ಅಜ್ಜಿಯ ಮಣಿಸರದ್ದು ಒಂದು ಕಳ್ಸೇ. ಉತ್ತರ ಬರೆಯಲು ಹೆಬ್ಬೆರಳು ಏಳುತ್ತದೆ, ಅಷ್ಟರಲ್ಲಿ ಬಸ್ಸು ಸುರಂಗದೊಳಗೆ ನುಗ್ಗಿತು, ಕಿಟಕಿಯಲ್ಲಿ ಹಳದಿ ದೀಪಗಳು ಒಂದರ ಹಿಂದೊಂದು, ಬಾಗಿಲ ಚಿಲಕದ ಸದ್ದು ಹತ್ತಾಗಿ ಮರಳಿ ಬರುತ್ತಿದೆ, ಹಾಂ, ಸುರಂಗದಲ್ಲಿ ಎಲ್ಲದಕ್ಕೂ ಜವಾಬಿದೆ, ಹಾರ್ನಿಗೂ ಕೆಮ್ಮಿಗೂ, ಆ ಹಾಡಿಗೆ ಮಾತ್ರ — ಎಲ್ಲ ಪ್ರಶ್ನೆಗಳೇ, ಒಂದಕ್ಕೂ ಉತ್ತರವಿಲ್ಲ, ಕ್ಯಾಂಟೀನಿನಲ್ಲಿ ಮೊದಲ ಸಲ ಕೇಳಿಸಿದಾಗ ಗುರುಪ್ರಸಾದ ಮೇಜು ಗುದ್ದಿದ್ದ, ಖರೇ ಹೇಳ್ತೆ, ಇದು ನಮ್ಮೆಲ್ಲರಿಗಿಂತ ಮಾಡರ್ನ್ ಉಂಟು ಮಾರಾಯ್ತಿ, ಕೇಳ್ತಾಳೆ, ಕೇಳ್ತಾಳೆ, ಹೇಳೂದೇ ಇಲ್ಲ. ಕವಿತಾಳಿಗೆ ಆಗ ಮೈಯೆಲ್ಲ ಕಿವಿ ಬಂದಷ್ಟು ಹೆಮ್ಮೆ. ಹೊಳೆಯಾಚೆ ಹೋದವಳೇ, ಮಡ್ಲಲ್ಲಿ ಎಂತ ತಂದೆ. ಗದ್ದೆಂಚಿಗೆ ನಿಂತವಳೇ, ಪಾದೆಲ್ಲ ಯಾಕೆ ಕೆಂಪು. ಹದಿನೆಂಟು ಪ್ರಶ್ನೆಗಳು, ಕಾಮಜ್ಜಿಯ ಸೀಳು ದನಿಯಲ್ಲಿ, ಮೂರು ವಾರದ ಹಿಂದೆ, ಬೆಳಿಗ್ಗೆ, ಹಿತ್ತಲ ಬಾಳೆಯ ಬುಡದಲ್ಲಿ. ಅಜ್ಜಿ ಹಾಡಿದ್ದು ಹನ್ನೊಂದು ನಿಮಿಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದೇ ಮೌನ, ಒಂದು ಸಾಲು ಹೇಳುವುದು, ನಿಲ್ಲುವುದು, ಮತ್ತೊಂದು ಹೇಳುವುದು, ಮತ್ತೆ ನಿಲ್ಲುವುದು, ಪಾಪ, ಎಪ್ಪತ್ತೆರಡು ವರ್ಷ, ಉಸಿರು ಹತ್ತುವುದಿಲ್ಲ ಎಂದುಕೊಂಡಳು ಕವಿತಾ, ಫೋನಿನಲ್ಲಿ ಅದಕ್ಕೊಂದು ಗುಂಡಿ ಇದೆ, ಖಾಲಿ ಇದ್ದಲ್ಲೆಲ್ಲ ತಾನೇ ಹುಡುಕಿ ಕತ್ತರಿಸಿ ಸಾಲಿಗೆ ಸಾಲು ಅಂಟಿಸಿ ಕೊಡುತ್ತದೆ, ಒಂದೇ ಒತ್ತು, ಹನ್ನೊಂದು ನಿಮಿಷ ಹೋಗಿ ನಾಲ್ಕೂಕಾಲು ನಿಮಿಷ ಆಯಿತು, ಅಜ್ಜಿ ಇಪ್ಪತ್ತರ ಹುಡುಗಿಯ ಹಾಗೆ ಒಂದೇ ದಮ್ಮಿಗೆ ಹಾಡುತ್ತಿದ್ದಾಳೆ, ಎಷ್ಟು ಚಂದ! ಫೋನಿನಲ್ಲಿ ಜಾಗ ಸಾಲದ್ದಕ್ಕೆ ಮೊದಲಿನದನ್ನು ಅಳಿಸಿದಳು. ದೋಣಿ ಇಂಜಿನ್ನು ಅಳಿಸಲಿಲ್ಲ, ಹಂಡೆಯ ಮುಚ್ಚಳ ಅಳಿಸಲಿಲ್ಲ, ಅದನ್ನೇ ಅಳಿಸಿದಳು. ಸುರಂಗ ಮುಗಿಯಿತು, ಬಿಣಗಾದ ಬೆಳಕು ಕಣ್ಣಿಗೆ ಬಂದು ಬಡಿಯಿತು, ಮೆಸೇಜು ಇನ್ನೂ ಬರೆದಿಲ್ಲ. ಹಾಡಿ ಮುಗಿಸಿ ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಹೇಳಿದ್ದಳಲ್ಲ, ಇದನ್ನ ರುಕ್ಮಿಗೆ ಕೇಳ್ಸು, ಕದ್ವಾಡಕ್ಕೆ ಹೋಗಿ ಕೇಳ್ಸು, ಮರೀಬೇಡ ಹಾಂ. ಹೂಂ ಅಂದಿದ್ದಳು ಕವಿತಾ, ಕಿವಿಗೆ ಬಳ್ಳಿ ಸಿಕ್ಕಿಸಿಕೊಳ್ಳುತ್ತ, ಕೇಳಿಸಿಕೊಳ್ಳದೆ ಅಂದ ಹೂಂ. ಮೊನ್ನೆ ಕುತೂಹಲ ತಡೆಯದೆ ಅವಳೇ ಕೇಳಿದಳು, ಅಜ್ಜಿ, ಆ ಹೊಳೆಯಾಚೆ ಹೋದವಳು ಮಡಿಲಲ್ಲಿ ತಂದದ್ದು ಎಂತ ಕಡೆಗೆ? ಅದು ನಂಗೆ ಕೇಳಿದ್ರೆ? ನೀನೇ ಹಾಡೂದಲ್ಲ! ನಾ ಕೇಳೂದು ಮಾತ್ರ. ಹೇಳೂದು ರುಕ್ಮಿ. ನಿಂಗೆ ಗೊತ್ತಿಲ್ವಾ ಹಾಗಾದ್ರೆ? ಗೊತ್ತಿಲ್ದೆ ಏನು, ನಲವತ್ತು ಮಳೆಗಾಲ ಗದ್ದೆ ನಟ್ಟಿ ಒಟ್ಟಿಗೆ ಮಾಡಿದ್ದೇವೆ, ಅವಳು ಆಚೆ ಸಾಲು, ನಾನು ಈಚೆ ಸಾಲು. ಮತ್ತೆ ಹೇಳೇ. ಅಜ್ಜಿ ತಲೆ ಅಲ್ಲಾಡಿಸಿದಳು, ಬೇರೆಯವರ ತಟ್ಟೆಯ ಮೀನು ತೆಗೆದು ತಿನ್ನು ಎಂದವಳನ್ನು ನೋಡುವ ಹಾಗೆ ನೋಡಿದಳು, ಅದು ಅವಳ ಪಾಲು ಮಗಾ, ನಾ ಹೇಳೂದಲ್ಲ.

ಅರಗಾ, ತೋಡೂರು, ನಿಲ್ದಾಣಗಳು ಬಂದು ಹೋಗುತ್ತಿವೆ, ಒಬ್ಬಳು ಬುಟ್ಟಿಯೊಂದಿಗೆ ಹತ್ತಿದಳು, ಬಂಗಡೆಯ ವಾಸನೆ, ರುಕ್ಮಿಣಜ್ಜಿ ಆರಿಸುತ್ತಿದ್ದದ್ದು ಒಣ ಸೀಗಡಿ, ಮೊರದ ತುಂಬ, ತಲೆ ಒಂದು ಕಡೆ, ಮೈ ಒಂದು ಕಡೆ. ಹನ್ನೆರಡು ಮಳೆಗಾಲದ ಹಿಂದೆ ಮಗ ಕುಮಾರನಿಗೆ ಕೈಗಾದ ಬಸ್ಸು ಓಡಿಸುವ ಕೆಲಸ ಸಿಕ್ಕಿತು, ಬೆಳಂಬಾರದಲ್ಲಿ ಕವಿತಾಳ ಮನೆಯ ಬೇಲಿಗೆ ತಾಗಿದ್ದ ಮನೆ ಬಿಟ್ಟು ಎಲ್ಲ ಕದ್ವಾಡಕ್ಕೆ ಹೋದರು, ಮೊದಮೊದಲು ನಟ್ಟಿಗೆ ಬರುತ್ತಿದ್ದಳು, ಆಮೇಲೆ ಮಂಡಿ ಬಗ್ಗಲಿಲ್ಲ. ಇಷ್ಟೆಲ್ಲ ಕವಿತಾಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಒಂದೇ, ಆ ಮಡಿಲಲ್ಲಿ ಎಂತ ಇತ್ತು, ಅದಕ್ಕೇ ಇವತ್ತು ಬೆಳಿಗ್ಗೆ ಅಜ್ಜಿಗೆ ಹೇಳಿಟ್ಟು, ಮಧ್ಯಾಹ್ನದ ಎರಡು ಕ್ಲಾಸು ತಪ್ಪಿಸಿ ಹೋದದ್ದು, ದಾರಿಯುದ್ದಕ್ಕೂ ಊಹೆ, ಗೆಣಸೋ, ಗೊಂಡೆ ಹೂವೋ, ಹುಟ್ಟಿದ ಮಗುವೋ. ಅಯ್ಯ, ಕಾಮಿ ಮೊಮ್ಮಗಳಾ ನೀನು, ಮೂಗು ನೋಡಿದ್ರೇ ಗೊತ್ತಾಗ್ತದೆ, ಕೂತ್ಕೋ, ಅಜ್ಜಿ ಹ್ಯಾಗಿದ್ದಾಳೆ, ಇನ್ನೂ ಎಲ್ಲರಿಗೂ ಬಯ್ತಾಳಾ? ಬಯ್ತಾಳೆ ಅಜ್ಜಿ. ಹಾಗಾದ್ರೆ ಗಟ್ಟಿ ಇದ್ದಾಳೆ. ನಕ್ಕಳು, ಕವಿತಾಳೂ ನಕ್ಕಳು, ಹಾಡು ತಂದಿದ್ದೇನೆ, ಕೇಳ್ಸು ಹೇಳಿ ಕಳ್ಸಿದ್ದಾಳೆ. ರುಕ್ಮಿಣಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಕೈ ತೊಳೆದು ಬಂದಳು, ಹಾಡು ಕೇಳುವುದಕ್ಕೆ ಕೈ ಯಾಕೆ ತೊಳೆಯಬೇಕು ಎಂದು ಕವಿತಾಳಿಗೆ ಅನಿಸಿತು, ಅನಿಸುತ್ತಿದ್ದ ಹಾಗೇ ಫೋನು ಹಾಡಿತು, ಹೊಳೆಯಾಚೆ ಹೋದವಳೇ — ಕೂತಲ್ಲೇ ಮುದುಕಿಯ ಬೆನ್ನು ಮುಂದಕ್ಕೆ ಬಾಗಿತು, ಎಡಗೈ ತಾನಾಗಿ ಸಸಿಯ ಕಟ್ಟು ಹಿಡಿದಂತೆ ಅರ್ಧ ಮುಚ್ಚಿತು, ಬಲಗೈಯ ಬೆರಳು ಗಾಳಿಯಿಂದ ಎರಡು ಸಸಿ ಬಿಡಿಸಿದವು, ಮಡ್ಲಲ್ಲಿ ಎಂತ ತಂದೆ, ಸಾಲು ಮುಗಿಯಿತು, ಬಾಯಿ ತೆರೆಯಿತು. ಗದ್ದೆಂಚಿಗೆ ನಿಂತವಳೇ, ಎಂದಿತು ಫೋನು. ಬಾಯಿ ಮುಚ್ಚಿತು. ಎಲ್ಲೋ ತನ್ನದೇ ತಪ್ಪು ಎಂಬಂತೆ ರುಕ್ಮಿಣಜ್ಜಿ ಸ್ವಲ್ಪ ಮುಂದೆ ಸರಿದು ಕೂತಳು, ಕಿವಿ ಹತ್ತಿರ ತಂದಳು, ಸಾಲು ಮುಗಿಯುವ ಮೊದಲೇ ಉಸಿರು ತುಂಬಿಕೊಂಡಳು, ಪಾದೆಲ್ಲ ಯಾಕೆ ಕೆಂಪು, ಬಾಯಿ ತೆರೆಯಿತು, ಒಳಗಿನ ಎರಡೇ ಹಲ್ಲು, ಎಲೆಯಡಿಕೆ ಕವಳ ತಿಂದು ಕೆಂಪಾದ ನಾಲಿಗೆ, ಅದರ ತುದಿಯಲ್ಲಿ ಆಗಲೇ ಒಂದು ಅಕ್ಷರ ಎದ್ದು ನಿಂತಿತ್ತು, ಕವಿತಾ ಕಣ್ಣಾರೆ ಕಂಡಳು, ಅಷ್ಟರಲ್ಲಿ ಮೂರನೆಯ ಪ್ರಶ್ನೆ ಬಂದು ಅದರ ಮೇಲೆ ಬಿತ್ತು. ಆಗ ತಿಳಿಯಿತು ಕವಿತಾಳಿಗೆ, ಆವತ್ತು ಅಜ್ಜಿ ಉಸಿರು ಹತ್ತದೆ ನಿಂತದ್ದಲ್ಲ. ಮೂರನೆಯ ಸಲವೂ ಬಾಯಿ ತೆರೆಯಿತು, ಈ ಸಲ ಅಷ್ಟು ದೊಡ್ಡದಾಗಿ ಅಲ್ಲ. ಮುಚ್ಚಿತು. ಆಮೇಲೆ ರುಕ್ಮಿಣಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಮೊರವನ್ನು ಮತ್ತೆ ಎದುರಿಗೆ ಎಳೆದುಕೊಂಡಳು.

ಕಾಮಿ ಒಬ್ಬಳೇ ಹೇಳೂಕೆ ಕಲ್ತಳು ಅಂದಾಯ್ತು. ಅಜ್ಜಿ, ಹಾಗಲ್ಲ. ಆಗ್ಲಿ ಮಗಾ, ಎಷ್ಟು ವರ್ಷ ಅಂತ ಕಾಯೂದು ಅವಳಾದ್ರೂ. ನಾನೇ ತೆಗೆದದ್ದು ಅಜ್ಜಿ, ಅವಳು ಸುಮ್ನಿದ್ದಲ್ಲೆಲ್ಲ ನಾನು ತೆಗೆದುಹಾಕಿದೆ, ಫೋನಿನಲ್ಲಿ ಆಗ್ತದೆ ಅದು. ರುಕ್ಮಿಣಜ್ಜಿ ನಕ್ಕಳು, ಸುಮ್ನಿದ್ದದ್ದನ್ನ ತೆಗೀಲಿಕ್ಕೆ ಅದೆಂತ ಮೀನಿನ ಮುಳ್ಳಾ? ಅಜ್ಜಿ ಪರ ಎಷ್ಟು ಮಾತಾಡ್ತೀಯೆ ನೀನು, ನಂಗೆಂತ ಸಿಟ್ಟಿಲ್ಲ, ಚಾ ಕುಡಿ. ನೀವಾದ್ರೂ ಹೇಳಿ, ಮಡ್ಲಲ್ಲಿ ಎಂತ ತಂದಳು? ಅವಳು ಕೇಳಿ ನಿಲ್ಲದೆ ನಾ ಹ್ಯಾಗೆ ಹೇಳೂದು, ಎಂದಳು ರುಕ್ಮಿಣಜ್ಜಿ, ಒಂದು ಸೀಗಡಿಯ ತಲೆ ಮುರಿದು ಈ ಕಡೆ ಹಾಕಿದಳು, ಮೈ ಆ ಕಡೆ. ಹೊರಡುವಾಗ ಒಂದು ಪೊಟ್ಟಣ ಕಟ್ಟಿ ಕೊಟ್ಟಳು, ಕಾಮಿಗೆ ಕೊಡು, ಅವಳಿಗೆ ಚಟ್ನಿಗೆ ಆಗ್ತದೆ. ಈಗ ಬ್ಯಾಗಿನೊಳಗಿಂದ ಅದರ ವಾಸನೆ, ಹಟ್ಟಿಕೇರಿ ದಾಟಿತು, ಅವರ್ಸಾ ಬಂತು, ಟ್ರಿಂಗ್, ಹಾಕ್ಲಾ ಬೇಡ್ವಾ, ಹೇಳು. ಬೇಡ, ಎಂದು ಬರೆದಳು ಕವಿತಾ, ಅದು ಅರ್ಧ ಹಾಡು. ಎಂತ ಅರ್ಧ, ಪೂರ್ತಿ ಉಂಟಲ್ಲ, ನಾಲ್ಕೂಕಾಲು ನಿಮಿಷ! ಇವನಿಗೆ ಹೇಗೆ ಹೇಳುವುದು, ತನಗೇ ಇವತ್ತು ಗೊತ್ತಾದದ್ದು, ಚಿಕ್ಕಂದಿನಲ್ಲಿ ಆ ಗದ್ದೆಯಂಚಿನಲ್ಲೇ ಆಡುತ್ತ, ಹಾಡಿಗೆ ಲಕ್ಷ್ಯ ಕೊಡದೆ ಬೆಳೆದವಳಿಗೆ. ಮನಸ್ಸು ಲೆಕ್ಕ ಹಾಕುತ್ತದೆ, ಆ ಖಾಲಿಯನ್ನು ಮತ್ತೆ ಒಳಗೆ ಸೇರಿಸಿದರೆ, ಪ್ರಶ್ನೆಗೊಂದು ಇಪ್ಪತ್ತೆರಡು ಸೆಕೆಂಡು, ಎಲ್ಲಕ್ಕೂ ಸಮ ಇತ್ತೇ ಅದು, ಮಡಿಲಿನದು ಉದ್ದ ಇತ್ತೇನೋ, ಪಾದದ್ದು ಗಿಡ್ಡವೇನೋ, ಯಾರಿಗೆ ನೆನಪಿದೆ, ಖಾಲಿ ಇದ್ದದ್ದನ್ನು ಯಾರು ಕಿವಿಗೊಟ್ಟು ಕೇಳಿರುತ್ತಾರೆ, ಬಾಗಿಲಿನ ಚಿಲಕ ಐದು ಸಲ ಬಡಿದು ಆರನೆಯದಕ್ಕೆ ನಿಲ್ಲುವುದನ್ನು ಕೇಳಿದವಳು ಅಜ್ಜಿ ನಿಂತದ್ದನ್ನು ಕೇಳಲಿಲ್ಲ. ಅಜ್ಜಿಗೆ ಎಂತ ಹೇಳುವುದು? ಕೇಳಿ ಖುಷಿಯಾದಳು ಎಂದುಬಿಟ್ಟರೆ? ಅಂಕೋಲೆ, ಅಂಕೋಲೆ ಇಳಿಯೋರು, ಬಾಗಿಲು ಬಡಿಯಿತು. ಬೆಳಂಬಾರದ ಟೆಂಪೋದಲ್ಲಿ ನಿಂತುಕೊಂಡೇ ಹೋಗುವಾಗಲೂ ಅದೇ, ಕೆಂಪು ನಾಲಿಗೆ, ತುದಿಯಲ್ಲಿ ಎದ್ದು ನಿಂತ ಅಕ್ಷರ.

ಜಗಲಿಯಲ್ಲಿ ಕಾಮಜ್ಜಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು, ನಾಳೆಯ ಪೇಟೆಗೆ, ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಕವಿತಾ ಬೇಲಿಯ ದಣಪೆ ದಾಟುವ ಮೊದಲೇ ಕೇಳಿದಳು, ಬಂದಳಾ? ರುಕ್ಮಿಣಿ ಮನೆಗೆ ಬಂದಳೇ ಎಂದಲ್ಲ, ಹಾಡಿನೊಳಗೆ ಬಂದಳೇ ಎಂದು, ನಿನ್ನೆಯಾಗಿದ್ದರೆ ಕವಿತಾಳಿಗೆ ಇದೂ ತಿಳಿಯುತ್ತಿರಲಿಲ್ಲ. ಸೀಗಡಿಯ ಪೊಟ್ಟಣ ಕೆಳಗಿಟ್ಟಳು. ಸುಳ್ಳು ನಾಲಿಗೆಯ ತನಕ ಬಂತು, ಅಲ್ಲಿಂದಲೇ ಹಿಂದಿರುಗಿತು. ಅಜ್ಜಿ, ನೀನು ಸುಮ್ನಿದ್ದ ಜಾಗವನ್ನೆಲ್ಲ ನಾನು ಕತ್ತರಿಸಿಬಿಟ್ಟಿದ್ದೆ, ಚಂದ ಆಗ್ತದೆ ಹೇಳಿ, ಅವರು ಹೇಳೂಕೆ ಹೋದ್ರು, ಜಾಗವೇ ಇರ್ಲಿಲ್ಲ, ಕಾಮಿ ಒಬ್ಬಳೇ ಹೇಳೂಕೆ ಕಲ್ತಳು ಅಂದ್ರು. ಅಜ್ಜಿ ಒಂದು ಕಟ್ಟು ಕಟ್ಟಿದಳು, ಬಿಗಿ ಸಾಲದೆ ಬಿಚ್ಚಿ ಮತ್ತೆ ಕಟ್ಟಿದಳು, ಎರಡನೆಯದಕ್ಕೆ ಸೊಪ್ಪು ಜೋಡಿಸಿಕೊಂಡಳು, ಬಯ್ಯಬಹುದು, ಬಯ್ದುಬಿಡಲಿ. ಅವಳು ಬಾಯಿ ತೆಗೆದಳಾ? ಹಾಂ? ನೀ ಹಾಡು ಕೇಳ್ಸುವಾಗ, ಬಾಯಿ ತೆಗೆದಳಾ ರುಕ್ಮಿ? ತೆಗೆದ್ರು ಅಜ್ಜಿ, ಮೂರು ಸಲ. ಸರಿಯಾಗಿ ಸಾಲು ಮುಗಿದ ಕೂಡ್ಲೆ? ಮುಗಿದ ಕೂಡ್ಲೆ. ಬಾಳೆನಾರು ಅಜ್ಜಿಯ ಹಲ್ಲಿನಿಂದ ಜಾರಿ ಮಡಿಲಿಗೆ ಬಿತ್ತು. ಹಾಗಾದ್ರೆ ಮರ್ತಿಲ್ಲ, ಎಂದಳು. ಸ್ವಲ್ಪ ಹೊತ್ತು ಪೊಟ್ಟಣವನ್ನು ಮೂಗಿಗೆ ಹಿಡಿದು ಕೂತಳು, ಉಪ್ಪು ಕಮ್ಮಿ ಹಾಕ್ತಾಳೆ ಯಾವಾಗ್ಲೂ, ಎಂದಳು, ಆಮೇಲೆ ಕಾಲು ಮಡಚಿ ನೇರ ಕೂತು, ಒತ್ತು ಅದನ್ನ, ನಾಳೆ ಮತ್ತೆ ಹೋಗೂದು ನೀನು, ಕತ್ತರಿ ಮನೇಲಿಟ್ಟು ಹೋಗು.

ಕವಿತಾ ಫೋನಿನ ರೆಕಾರ್ಡ್ ಗುಂಡಿ ಒತ್ತಿದಳು. ಹೊಳೆಯಾಚೆ ಹೋದವಳೇ, ಮಡ್ಲಲ್ಲಿ ಎಂತ ತಂದೆ, ಅಜ್ಜಿ ನಿಂತಳು. ತುಟಿ ಮುಚ್ಚಿದೆ, ಗದ್ದ ತುಸು ಮೇಲೆ, ಕಣ್ಣು ಬೇಲಿಯಾಚೆಯ ಹಳೇ ಮನೆಯ ಕಡೆ, ಬಲಗೈ ಇನ್ನೊಂದು ಕಟ್ಟಿಗೆ ಸೊಪ್ಪು ಎಣಿಸುತ್ತಿದೆ, ಫೋನಿನಲ್ಲಿ ದನಿಯ ಗೆರೆ ಮಲಗಿದೆ, ಸೆಕೆಂಡುಗಳು ಓಡುತ್ತಿವೆ, ನಾಲ್ಕು, ಐದು, ಕಡಲಿನ ಸದ್ದು ಇಷ್ಟು ಹತ್ತಿರವಿತ್ತೇ, ಆರು, ಯಾರದೋ ಬಾವಿಗೆ ಕೊಡ ಇಳಿಯಿತು, ಏಳು, ಎಂಟು, ಕವಿತಾ ಉಸಿರು ಬಿಗಿಹಿಡಿದು ಆ ಜಾಗವನ್ನು ನೋಡುತ್ತಿದ್ದಾಳೆ, ಎಷ್ಟು ಅಗಲ ಅದು, ಅದರೊಳಗೆ ರುಕ್ಮಿಣಜ್ಜಿಯ ಎರಡು ಹಲ್ಲು, ಕೆಂಪು ನಾಲಿಗೆ, ತುದಿಯಲ್ಲಿ ಎದ್ದು ನಿಂತ ಅಕ್ಷರ, ಬಾಯಿ ತೆರೆಯಿತು, ಒಂಬತ್ತು, ತೆರೆದೇ ಇದೆ —