ವಿಮಾನ ನೋಡಲು ಹೋದ ಶಫೀಸಾಬ

ಶಾಂಭವಿ ಟೀಚರು ಬ್ಲೌಸು ಒಯ್ಯಲು ಬಂದವರು ಮೆಹಜಬೀನಳ ಮನೆಯ ಮುಂದಿನ ಹೊಲಿಗೆ ಅಂಗಡಿಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟರು. ಬ್ಲೌಸಿನ ಮಾತು ಎತ್ತಲಿಲ್ಲ. ಮುಖ ಬಿಸಿಲಿಗೆ ಕಂದಿತ್ತು. ಕಾಲು ಬಾತು, ಚಪ್ಪಲಿಯ ಪಟ್ಟಿ ಕೂತ ಜಾಗ ಪಾದದ ಮೇಲೆ ಕೆಂಪಗೆ ಎದ್ದಿತ್ತು. ಹಿಂದಿನ ದಿನ ಅವರು ಶಾಲೆಯ ಮಕ್ಕಳನ್ನು ಕರೆದುಕೊಂಡು ವಿಮಾನ ಪ್ರದರ್ಶನಕ್ಕೆ ಹೋಗಿಬಂದಿದ್ದರು.

“ನಾಳೆ ನೀವೂ ಹೊಂಟೀರಂತಲ್ಲ ಅಕ್ಕಾರ?”

“ನಾ ಎಲ್ಲಿ ಹೋಗಾಕಿದ್ದೆರಿ ಟೀಚರ್. ನಮ್ಮ ಅಬ್ಬಾ ಹಟ ಹಿಡದಾರ,” ಎಂದಳು ಮೆಹಜಬೀನ, ಮಷೀನಿನಿಂದ ಕಾಲು ತೆಗೆಯದೆ. ಅಬ್ಬಾ ಎಂದರೆ ಅವಳ ಗಂಡನ ತಂದೆ ಶಫೀಸಾಬ.

ತಳಕಲ್ಲು ಊರಿನ ಆಚೆ ಎರೆಹೊಲಗಳ ನಡುವೆ ರನ್‌ವೇ ಇದ್ದ ಬಯಲಿನಲ್ಲಿ ಆ ವರ್ಷ ದೊಡ್ಡ ವಿಮಾನ ಪ್ರದರ್ಶನ ನಡೆದಿತ್ತು. ಆ ಭಾಗದವರು ಅಲ್ಲಿಯತನಕ ವಿಮಾನವನ್ನು ನೆತ್ತಿಯ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವಾಗ ನೋಡಿದ್ದೇ ಹೆಚ್ಚು. ಕುಷ್ಟಗಿ, ಗಂಗಾವತಿ, ಯಲಬುರ್ಗಾ ಎಲ್ಲ ಕಡೆಯಿಂದ ಟ್ರ್ಯಾಕ್ಟರು, ಟಂಟಂ, ಬಸ್ಸು, ಸಿಕ್ಕಿದ್ದು ಹಿಡಿದು ಜನ ಹೊರಟಿದ್ದರು. ಎಲ್ಲರಿಗೂ ಅದೇ ಮೊದಲು. ಹೇಗೆ ಹೋಗಬೇಕು, ಏನು ಒಯ್ಯಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ.

“ಹಂಗಾದ್ರ ನಾ ಹೇಳೂದು ಕೇಳ್ರಿ,” ಎಂದು ಟೀಚರು ಪಾದ ತಿಕ್ಕಿಕೊಂಡರು. “ನಾವು ನಿನ್ನೆ ಮಾಡಿದ್ದೆಲ್ಲ ತಪ್ಪ. ಬೆಳಕ ಹರಿಯೂದ್ರಾಗ ಬಸ್ ಹತ್ರಿ. ತಡಾ ಆತಂದ್ರ ಗಾಡಿ ದೂರ ನಿಲ್ಲಿಸ್ತಾರ, ಅಲ್ಲಿಂದ ನಡದ ನಡೀಬೇಕು. ಹಳೇ ಚಪ್ಪಲಿ ಮೆಟ್ಟಿಕೊಳ್ರಿ. ಅಲ್ಲಿ ನೆಳ್ಳು ಅನ್ನೂದು ಹೆಸರಿಗೂ ಇಲ್ಲ. ಛತ್ರಿ ಬಿಚ್ಚಿದ್ರ ಹಿಂದಿನವರು ಬೈತಾರ, ತಲಿಮ್ಯಾಲ ಒದ್ದಿ ಟವೆಲ್ ಹಾಕ್ಕೊಂಡು ಕುಂದರ್ರಿ. ನೀರು ಎಷ್ಟ ಒಯ್ದ್ರೂ ಸಾಲಂಗಿಲ್ಲ. ಕಿವಿಗೆ ಹತ್ತಿ ಇಟ್ಕೊಳ್ರಿ. ಆ ಜೆಟ್ ಬಂತಂದ್ರ ಹೊಟ್ಟಿ ಒಳಗಿಂದ ನಡಗತೈತಿ.”

“ಅಬ್ಬಾಗ ಹತ್ತಿ ಏನ್ ಬೇಕ್ರಿ, ಮೊದಲ ಕಿವಿ ಕೇಳಂಗಿಲ್ಲ.”

ಟೀಚರು ಇನ್ನೊಂದು ಪಾದ ತಿಕ್ಕತೊಡಗಿದರು. “ಫೋನ್ ನಂಬಬ್ಯಾಡ್ರಿ. ಅಷ್ಟು ಮಂದಿ ಸೇರಿದ್ರ ನೆಟ್‌ವರ್ಕ್ ಸಿಗಂಗಿಲ್ಲ. ಒಳಗ ಹೋದಕೂಡ್ಲೆ ಒಂದ್ ಜಾಗಾ ಗೊತ್ತು ಮಾಡ್ಕೊಳ್ರಿ, ತಪ್ಪಿಸ್ಕೊಂಡ್ರ ಇಬ್ಬರೂ ಅಲ್ಲಿಗೇ ಬರೂದು ಅಂತ. ನಾ ಹುಡುಗರಿಗೆ ಇದನ್ನ ಹೇಳಿದ್ದಿಲ್ಲ, ಹುಡುಕಿ ಹುಡುಕಿ ಜೀವ ಹೋತು. ಮತ್ತ ಮುಗದಕೂಡ್ಲೆ ಏಳಬ್ಯಾಡ್ರಿ. ಎಲ್ಲಾರೂ ಒಮ್ಮಿಗೇ ಗೇಟಿಗೆ ನುಗ್ಗತಾರ. ಮಂದಿ ಕರಗೂತನಕ ಅಲ್ಲೇ ಕುಂತು ಏನರ ತಿನ್ರಿ.”

ಮೆಹಜಬೀನ ತಲೆಯಾಡಿಸಿದಳು. ಮಾತುಗಳು ಒಳ್ಳೆಯವೇ. ಆದರೆ ಇದನ್ನೆಲ್ಲ ಒಂದೊಂದಾಗಿ ಮಾವನಿಗೆ ಕೂಗಿ ಹೇಳಬೇಕು. ಅದನ್ನು ನೆನೆದೇ ಅವಳಿಗೆ ಸುಸ್ತಾಯಿತು.

ಶಫೀಸಾಬ ಗಿಣಿಗೇರಾ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದವನು. ಕೆಂಪಗೆ ಕಾದ ಕಬ್ಬಿಣ ಉರುಳುವ ಶೆಡ್ಡಿನ ಸೂರಿನಡಿ, ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕುಳಿತು ಆಯುಷ್ಯದ ಅರ್ಧ ಕಳೆದಿದ್ದ. ನಿವೃತ್ತಿಯಾಗುವ ಹೊತ್ತಿಗೆ ಕಿವಿ ಮಂದವಾಗಿದ್ದವು. ಹೆಂಡತಿ ಕಾಸೀಮಬೀ ತೀರಿಕೊಂಡ ಮೇಲೆ ಪೂರ್ತಿ ಹೋದವು. ಮಗ ಅಲ್ತಾಫ ಕಿವಿಗೆ ಹಾಕುವ ಮಷೀನು ತಂದುಕೊಟ್ಟ. ಅದು ಕಿವಿಯೊಳಗೆ ಕಿರುಗುಟ್ಟುತ್ತದೆ ಎಂದು ಶಫೀಸಾಬ ತೆಗೆದು ಕಪಾಟಿನಲ್ಲಿಟ್ಟ. ಅಲ್ತಾಫನಿಗೂ ಅದೇ ಕಾರ್ಖಾನೆ, ಅದೇ ಪಾಳಿ. ಮನೆಯಲ್ಲಿ ದಿನವಿಡೀ ಇರುವವರು ಮಾವ, ಸೊಸೆ ಇಬ್ಬರೇ. ಚಹಾ ಬೇಕೇ ಎಂದು ಕೇಳಲು ಕೂಗಬೇಕು. ಗುಳಿಗೆ ನುಂಗಿದಿರಾ ಎಂದು ಕೇಳಲು ಕೂಗಬೇಕು. ಕೂಗುವಾಗ ದನಿ ತಾನಾಗಿ ಗಡಸಾಗುತ್ತದೆ. ಬೀದಿಯವರಿಗೆ ಮಾತು ತಿಳಿಯುವುದಿಲ್ಲ, ದನಿಯಷ್ಟೇ ಕೇಳುತ್ತದೆ. ಸೊಸೆ ಮಾವನನ್ನು ಬೈಯುತ್ತಾಳೆ ಎಂಬ ಮಾತು ಓಣಿಯ ತುಂಬ ಹಬ್ಬಿ ಎಷ್ಟೋ ಕಾಲವಾಗಿತ್ತು. ಮೊದಮೊದಲು ಅವಳಿಗೆ ನೋವಾಗುತ್ತಿತ್ತು. ಈಗ ಅದಕ್ಕೂ ತ್ರಾಣವಿರಲಿಲ್ಲ.

ಮರುದಿನ ಕೋಳಿ ಕೂಗುವ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು, ಬಾಟಲಿಗಳಿಗೆ ನೀರು ತುಂಬಿಕೊಂಡು ಇಬ್ಬರೂ ಹೊರಟರು. ಬಸ್ಸಿನಲ್ಲಿ ಅವಳು ಮಾವನ ಕಿವಿಗೆ ಬಾಯಿ ಹಚ್ಚಿ, “ಕಿಡಕಿ ಕಡೆ ಕುಂದರ್ರಿ ಅಬ್ಬಾ,” ಎಂದು ಕೂಗಿದಳು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ಪಕ್ಕದವಳಿಗೆ ಏನೋ ಪಿಸುಗುಟ್ಟಿದಳು. ಮೆಹಜಬೀನ ಕಣ್ಣು ಮುಚ್ಚಿಕೊಂಡಳು.

ಬೇಗ ಹೊರಟಿದ್ದರೂ ಬಸ್ಸು ಮೈದಾನದಿಂದ ಸಾಕಷ್ಟು ದೂರದಲ್ಲೇ ನಿಂತಿತು. ಕಡಲೆ ಕಿತ್ತ ಹೊಲಗಳ ನಡುವೆ ಸಾಲುಸಾಲಾಗಿ ಜನ ನಡೆಯುತ್ತಿದ್ದರು. ಧೂಳು ಎದ್ದು ಗಂಟಲಿಗಿಳಿಯುತ್ತಿತ್ತು. ಶಫೀಸಾಬನಿಗೆ ಮಾತ್ರ ಅದಾವುದರ ಪರಿವೆ ಇರಲಿಲ್ಲ. ಬಿಳಿ ಜುಬ್ಬ, ಮೇಲೊಂದು ಹಸಿರು ಟವೆಲ್ಲು. ಹುರುಪಿನಿಂದ ಮುಂದೆ ಮುಂದೆ ನಡೆದ.

ಒಳಗೆ ಹೋದ ಕೂಡಲೇ ಅವಳು ಟೀಚರ ಮಾತಿನಂತೆ ಜಾಗ ಹುಡುಕಿದಳು. ಆಂಬುಲೆನ್ಸ್ ನಿಂತಲ್ಲಿ ಹಳದಿ ಬಟ್ಟೆಯ ಡೇರೆಯೊಂದಿತ್ತು. ಅದರ ಕಡೆ ಬೆರಳು ಮಾಡಿ, “ತಪ್ಪಿಸ್ಕೊಂಡ್ರ ಅಲ್ಲಿಗೆ ಬರ್ರಿ,” ಎಂದು ಕೂಗಿದಳು. ಶಫೀಸಾಬ ತಲೆಯಾಡಿಸಿದ. ಅವನು ಯಾವುದಕ್ಕೂ ತಲೆಯಾಡಿಸುತ್ತಿದ್ದ. ಅವಳು ಮತ್ತೊಮ್ಮೆ ಕೂಗಿದಳು. ಅವನು ಮತ್ತೊಮ್ಮೆ ಆಡಿಸಿದ. ಹತ್ತಿ ಕೊಟ್ಟಾಗ ಮಾತ್ರ ಅವಳ ಕೈ ಸರಿಸಿ, “ಮುಚ್ಚಿದ ಅಂಗಡಿಗೆ ಎರಡೆರಡು ಕೀಲಿ ಹಾಕ್ತಿ ಏನ ಬೇಟಿ?” ಎಂದು ಸುತ್ತಲಿನವರೆಲ್ಲ ಕೇಳುವಂತೆ ಹೇಳಿ ನಕ್ಕ.

ಬಿಸಿಲೇರಿತು. ಆಟ ಶುರುವಾಗಲು ಇನ್ನೂ ಹೊತ್ತಿತ್ತು, ತಂದ ನೀರು ಆಗಲೇ ತಳ ಕಂಡಿತ್ತು. ಇಲ್ಲೇ ಇರಿ ಎಂದು ನೆಲ ತೋರಿಸಿ ಮೆಹಜಬೀನ ಖಾಲಿ ಬಾಟಲಿಗಳನ್ನು ಹಿಡಿದು ಟ್ಯಾಂಕರಿನ ಕಡೆ ಹೋದಳು. ಸಾಲು ಸರಿಯುತ್ತಲೇ ಇರಲಿಲ್ಲ. ಎಲ್ಲರೂ ಬಾಟಲಿ ಅಲ್ಲ, ಕೊಡ ತಂದಂತಿತ್ತು. ಕೊನೆಗೂ ನೀರು ತುಂಬಿಸಿಕೊಂಡು ಬಂದರೆ ಹಾಸಿದ್ದ ಚಾದರದ ಮೇಲೆ ರೊಟ್ಟಿಯ ಗಂಟಿತ್ತು. ಮಾವ ಇರಲಿಲ್ಲ.

ಪಕ್ಕದಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಕುಷ್ಟಗಿ ಕಡೆಯ ಮುದುಕಿ, “ಅಗೋ ಆ ಕಡೆ ಎದ್ದ್ ಹೋದರವ್ವ. ನಾ ಕರದೆ, ತಿರುಗಿ ನೋಡಲಿಲ್ಲ,” ಎಂದಳು.

ಮೆಹಜಬೀನ ಹಳದಿ ಡೇರೆಗೆ ಓಡಿದಳು. ಅಲ್ಲಿಲ್ಲ. ಮೂತ್ರಾಲಯದ ಕಡೆ ಹೋದಳು, ಮಂಡಕ್ಕಿ ಮಾರುವಲ್ಲಿ ನೋಡಿದಳು, ಮತ್ತೆ ಡೇರೆಗೆ ಬಂದಳು. ಫೋನಿನಲ್ಲಿ ಸಿಗ್ನಲ್ಲಿನ ಗೆರೆಯೊಂದೂ ಇರಲಿಲ್ಲ. ಇದ್ದರೂ ಅವನು ರಿಂಗು ಕೇಳುವವನಲ್ಲ. “ಅಬ್ಬಾ” ಎಂದು ಅಭ್ಯಾಸಬಲದಿಂದ ಎಷ್ಟೋ ಸಲ ಕೂಗಿದಳು. ಕೇಳಿಸಿಕೊಳ್ಳಬೇಕಾದವನನ್ನು ಬಿಟ್ಟು ಉಳಿದವರೆಲ್ಲ ತಿರುಗಿದರು. ಧೂಳಿಗೂ ಕೂಗಿಗೂ ಗಂಟಲು ಕಟ್ಟಿತು.

ಡೇರೆಯಲ್ಲಿದ್ದ ಪೊಲೀಸ್ ಹೆಂಗಸು ಕಳಕಮ್ಮ ಅವಳನ್ನು ಕುರ್ಚಿಯ ಮೇಲೆ ಕೂರಿಸಿದಳು. “ಅಳಬ್ಯಾಡ್ರಿ ಅಕ್ಕಾರ, ಮೈಕಿನಾಗ ಹೆಸರ ಕೂಗಸ್ತೀನಿ. ಕೇಳಿದಕೂಡ್ಲೆ ಬರ್ತಾರ.”

“ಅವರಿಗೆ ಕೇಳಂಗಿಲ್ರಿ.”

ಕಳಕಮ್ಮ ಜೇಬಿನಿಂದ ಪೆನ್ನು ತೆಗೆದಳು. “ಹಂಗಾದ್ರ ಉಳಿದವರಿಗೆ ಕೂಗೂಣು. ಏನ್ ಹಾಕ್ಕೊಂಡಾರ ಹೇಳ್ರಿ.”

ಬಿಳಿ ಜುಬ್ಬ, ಹಸಿರು ಟವೆಲ್ಲು, ಕಿವಿ ಕೇಳದ ಹಿರಿಯರು, ಕಂಡವರು ಭುಜ ಮುಟ್ಟಿ ಹಳದಿ ಡೇರೆಗೆ ಕರೆತನ್ನಿ ಎಂದು ಮೈಕಿನಲ್ಲಿ ಸಾರಿದರು. ಮೆಹಜಬೀನ ನೆರಳಿನಲ್ಲಿ ಕುಳಿತಳು. ಯಾರೋ ಕೈಗೆ ನೀರು ಕೊಟ್ಟರು. ಕಣ್ಣು ಜನರ ನಡುವೆ ಹಸಿರು ಟವೆಲ್ಲು ಹುಡುಕುತ್ತಲೇ ಇತ್ತು. ಆದರೂ ಆ ಕುರ್ಚಿಯ ಮೇಲೆ, ಯಾರಿಗೂ ಏನನ್ನೂ ಕೂಗಿ ಹೇಳಬೇಕಾಗಿಲ್ಲದೆ ಕುಳಿತ ಆ ಗಳಿಗೆಯಲ್ಲಿ, ಅವಳ ಹೆಗಲಿನಿಂದ ಏನೋ ಇಳಿದಂತಾಯಿತು. ಹೀಗೇ ಇನ್ನಷ್ಟು ಹೊತ್ತು ಕೂತಿದ್ದರೆ ಎನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗಿ ಎದ್ದು ಹೊರಬಂದಳು.

ಅದೇ ಹೊತ್ತಿಗೆ ಜೆಟ್ಟುಗಳು ಬಂದವು. ನೆಲ ಗುಡುಗಿತು. ಜನ ಕಿವಿ ಮುಚ್ಚಿಕೊಂಡು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಮಕ್ಕಳು ಕಿರುಚಿ ಅತ್ತವು. ಅವಳೊಬ್ಬಳೇ ಮೇಲೆ ನೋಡದೆ, ಮೇಲೆತ್ತಿದ ಮುಖಗಳ ನಡುವೆ ಒಂದು ಮುಖ ಹುಡುಕುತ್ತ ಕಬ್ಬಿಣದ ಬೇಲಿಯ ಉದ್ದಕ್ಕೂ ನಡೆದಳು.

ಜನ ಕಡಿಮೆ ಇದ್ದ ಮೂಲೆಯಲ್ಲಿ ಹಸಿರು ಟವೆಲ್ಲು ಕಂಡಿತು. ಶಫೀಸಾಬನೂ ಮೇಲೆ ನೋಡುತ್ತಿರಲಿಲ್ಲ. ಬೇಲಿಗೆ ಎದೆಯಾನಿಸಿ ನಿಂತು, ಇಳಿದ ವಿಮಾನಗಳು ಬಂದು ನಿಲ್ಲುವ ಅಂಗಳದ ಕಡೆ ಕಣ್ಣು ನೆಟ್ಟಿದ್ದ. ಅಲ್ಲೊಬ್ಬ ಯೋಧ ಎರಡೂ ಕೈಯಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು, ಹಿಂದೆ ಹಿಂದೆ ನಡೆಯುತ್ತ, ಮೈತುಂಬ ಸದ್ದು ಹೊತ್ತು ಬರುತ್ತಿದ್ದ ವಿಮಾನಕ್ಕೆ ದಾರಿ ತೋರಿಸುತ್ತಿದ್ದ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದ. ಕೋಲು ಎತ್ತಿದರೆ ವಿಮಾನ ಮುಂದೆ ಬರುತ್ತಿತ್ತು. ಒಂದು ಕೈ ತಡೆದರೆ ತಿರುಗುತ್ತಿತ್ತು. ಎರಡೂ ಕೋಲು ತಲೆಯ ಮೇಲೆ ಅಡ್ಡ ಸೇರಿದವು. ನಿಂತಿತು.

ಮೆಹಜಬೀನ ಮಾವನ ತೋಳು ಹಿಡಿದೆಳೆದಳು. ಬೈಯಬೇಕೆಂದು ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಗಂಟಲು ಪೂರ್ತಿ ಕೈಕೊಟ್ಟಿತ್ತು. ಎರಡೂ ಕೈ ಚೆಲ್ಲಿ, ಎಲ್ಲಿಗೆ ಹೋಗಿದ್ದಿರಿ ಎಂಬಂತೆ ಅವನ ಮುಖ ನೋಡಿದಳು. ಕಣ್ಣಿಂದ ನೀರು ಇಳಿಯಿತು.

ಶಫೀಸಾಬ ಅವಳ ಧೂಳು ಹಿಡಿದ ಮುಖ, ಒಣಗಿದ ತುಟಿ ನೋಡಿದ. ಅವನ ಉತ್ಸಾಹ ಇಳಿಯಿತು. “ಭಾಳ ಹುಡುಕಿದೆ ಏನ?” ಎಂದ. ಅವಳು ತಲೆಯಾಡಿಸಿದಳು.

“ನೋಡಾಕ ಬಂದೆ ಬೇಟಿ. ದೂರಿಂದ ಆ ಕೋಲು ಕಂಡ್ವು. ನಮ್ಮ ಮಂಜೂರ ಹಿಂಗ ಮಾಡ್ತಿದ್ದ.” ಮಂಜೂರ ಯಾರೆಂದು ಅವನೇ ಹೇಳಿದ. “ಕೆಳಗ ನಿಂತು ನನಗ ಸನ್ನಿ ಮಾಡಾಂವ. ಆ ಶೆಡ್ಡಿನಾಗ ಯಾರ ಮಾತು ಯಾರಿಗೂ ಕೇಳ್ತಿದ್ದಿಲ್ಲ. ಕಿವಿ ಇದ್ದವರಿಗೂ ಇಲ್ಲ. ದಿನಪೂರ್ತಿ ಕೈಲೇ ಮಾತಾಡ್ತಿದ್ವಿ. ಮ್ಯಾಲ, ಕೆಳಗ, ಸಾವಕಾಶ, ಸಾಕು.” ಹೇಳುತ್ತ ಹೇಳುತ್ತ ಅವನ ಕೈಗಳು ತಾವಾಗಿ ಆಡಿದವು. ಬೆರಳು ಮೇಲೆ ಸುತ್ತಿತು. ಅಂಗೈ ಕೆಳಗೆ ಮಲಗಿತು. ಮುಷ್ಟಿ ಮುಚ್ಚಿತು.

ಮೆಹಜಬೀನ ಆ ಕೈಗಳನ್ನೇ ನೋಡಿದಳು. ಇಷ್ಟು ಕಾಲ ಒಂದೇ ಸೂರಿನ ಕೆಳಗಿದ್ದೂ ಅವಕ್ಕೆ ಇಷ್ಟು ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವನಿಗಾದರೂ ಎಲ್ಲಿ ನೆನಪಿತ್ತು? ಮನೆಗೆ ಬಂದ ಮೇಲೆ ಅದು ಕಾರ್ಖಾನೆಯ ಗೇಟಿನೊಳಗೇ ಉಳಿದ ಸಂಗತಿಯಾಗಿತ್ತು.

ಕಳಕಮ್ಮನಿಗೆ ಸುದ್ದಿ ಮುಟ್ಟಿಸಿ ಇಬ್ಬರೂ ಚಾದರಕ್ಕೆ ಮರಳಿದರು. ಪ್ರದರ್ಶನ ಮುಗಿದ ಕೂಡಲೇ ಜನ ಒಮ್ಮೆಲೇ ಗೇಟಿಗೆ ನುಗ್ಗಿದರು. ಇವರು ಏಳಲಿಲ್ಲ. ಕಾಗದ, ಬಾಟಲಿ, ಬಾಳೆಹಣ್ಣಿನ ಸಿಪ್ಪೆ ಬಿದ್ದ ಬಯಲಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದರು. ಬಿಸಿಲು ಇಳಿಯುತ್ತಿತ್ತು. ಮೆಹಜಬೀನ ಇನ್ನೊಂದು ರೊಟ್ಟಿ ಎತ್ತಿ ಹಿಡಿದು ಹುಬ್ಬು ಏರಿಸಿದಳು. ಶಫೀಸಾಬ ಮುಷ್ಟಿ ಮುಚ್ಚಿ ತೋರಿಸಿದ. ಸಾಕು. ಚಟ್ನಿ ತೋರಿಸಿದಳು. ಎರಡು ಬೆರಳು ಸ್ವಲ್ಪವೇ ತೆರೆದ. ಇಷ್ಟು ಹಾಕು. ಹತ್ತಿರ ಹೋಗುತ್ತಿದ್ದ ಹೆಂಗಸೊಬ್ಬಳು ಇಬ್ಬರಿಗೂ ಮಾತು ಬಾರದು ಎಂದುಕೊಂಡು ಅಯ್ಯೋ ಪಾಪ ಎಂಬಂತೆ ನೋಡಿ ಹೋದಳು.

“ಮನಿಯಾಗ ಹಿಂಗ ಹೇಳು,” ಎಂದ ಶಫೀಸಾಬ. “ನೀ ಕೂಗೂವಾಗ ನಿನ್ನ ಕುತಗಿ ನರ ಉಬ್ಬತಾವ. ನನಗ ಕೇಳಂಗಿಲ್ಲ, ಕಾಣತೈತಿ.”

ಮೆಹಜಬೀನ ರೊಟ್ಟಿಯ ಗಂಟು ಕಟ್ಟಿದಳು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದರು. ಅಲ್ತಾಫ ಪಾಳಿ ಮುಗಿಸಿ ಬಂದು ಮುಖ ತೊಳೆಯುತ್ತಿದ್ದ. “ವಿಮಾನ ಹೆಂಗಿದ್ವು?” ಎಂದು ಕೇಳಿದ. ಆಗ ಮೆಹಜಬೀನಳಿಗೆ ತಾನು ಒಂದನ್ನೂ ಸರಿಯಾಗಿ ನೋಡಿಲ್ಲ ಎಂಬುದು ಹೊಳೆಯಿತು. ಮಾವನ ಕಡೆ ಕೈ ಮಾಡಿ, ಗೋಡೆಗೆ ಒರಗಿ ಕಾಲು ಚಾಚಿದಳು.

ಎಲ್ಲವೂ ಕೈಯಿಂದ ಆಗಲಿಲ್ಲ. ಯಾವ ಗುಳಿಗೆ ಬೆಳಗಿನದು, ಯಾವುದು ಸಂಜೆಯದು ಎಂದು ಹೇಳಲು ಅವಳು ಆಮೇಲೂ ಕೂಗಬೇಕಾಗುತ್ತಿತ್ತು. ಒಮ್ಮೊಮ್ಮೆ ಸನ್ನೆ ತಪ್ಪಿ ಚಹಾಕ್ಕೆ ಸಕ್ಕರೆ ಹೆಚ್ಚಾಗುತ್ತಿತ್ತು, ಆತ ಕುಡಿಯದೆ ಇಟ್ಟುಬಿಡುತ್ತಿದ್ದ. ಆದರೆ ಹೊಲಿಗೆಗೆ ಕುಳಿತ ಮಧ್ಯಾಹ್ನಗಳಲ್ಲಿ, ಮಾವ ಬಾಗಿಲಲ್ಲಿ ಬಂದು ನಿಂತು ಹೊಟ್ಟೆ ಮುಟ್ಟಿ ತೋರಿಸಿದರೆ, ಅವಳು ಮಷೀನಿನಿಂದ ಒಂದು ಕೈಯನ್ನಷ್ಟೇ ಎತ್ತಿ, ಅಂಗೈ ನಿಧಾನಕ್ಕೆ ಕೆಳಗಿಳಿಸುತ್ತಿದ್ದಳು. ಸಾವಕಾಶ, ಈ ಬ್ಲೌಸಿನ ತೋಳು ಮುಗಿಯಲಿ.