ಹನ್ನೆರಡು ಕಡ್ಡಿ ಐಸ್ ಕ್ಯಾಂಡಿ

“ಬಂದ ನೋಡಿ ನಮ್ಮನೆ ವಿಜ್ಞಾನಿ! ಎಂಟನೇ ಕ್ಲಾಸು ದಾಟೋಕಾಗ್ಲಿಲ್ಲ, ಈಗ ನೀರನ್ನ ಗಟ್ಟಿ ಮಾಡೋದು ಕಂಡುಹಿಡಿದಿದ್ದಾನೆ. ಬಿಸಿಲಿಗಿಟ್ರೆ ಕರಗುತ್ತೆ ಅನ್ನೋದು ಮುಂದಿನ ವರ್ಷದ ಪಾಠ.”

ಭಾವ ಇದನ್ನು ಹೇಳಿದ್ದು ಊಟದ ಮೇಜಿನ ತುದಿಯಲ್ಲಿ ಕೂತು, ಕೆಂಪು ಪೆನ್ನಿನ ಮುಚ್ಚಳ ಕಚ್ಚಿಕೊಂಡು. ಗಣಿತದ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಡ್ರಿಲ್ ಮೇಷ್ಟ್ರು ಯಾವುದನ್ನೂ ಅಡ್ಡ ಹಿಡಿಯದೆ ನಕ್ಕರು. ಪ್ರತಿ ಶನಿವಾರ ಮಧ್ಯಾಹ್ನ ಈ ಮೂವರೂ ನಮ್ಮಕ್ಕನ ಮನೆಯಲ್ಲಿ ಸೇರಿ ಪರೀಕ್ಷೆ ಪೇಪರ್ ತಿದ್ದುತ್ತಾರೆ. ಭಾವ ತಿದ್ದುತ್ತಾನೆ, ಡ್ರಿಲ್ ಮೇಷ್ಟ್ರು ಅಂಕ ಕೂಡುತ್ತಾರೆ, ಅವರು ಕೂಡಿದ್ದನ್ನು ಮೇಡಂ ಮತ್ತೆ ಕೂಡುತ್ತಾರೆ.

ಬಾಯಲ್ಲಿ ನಾನು ‘ಬನ್ನಿ ಭಾವ, ಕೂತ್ಕೊಳ್ಳಿ ಭಾವ’ ಅಂತಲೇ ಅನ್ನೋದು. ಬರೆಯುವಾಗಲಾದರೂ ಏಕವಚನ ಇರಲಿ.

ನನ್ನ ಕೈಯಲ್ಲಿದ್ದದ್ದು ಒಂದೇ ಒಂದು ಮಾವಿನಹಣ್ಣಿನ ಐಸ್ ಕ್ಯಾಂಡಿ, ಅಕ್ಕನ ಮಗಳು ಪುಟ್ಟಿಗೆ ಅಂತ ಸ್ಟೀಲ್ ಲೋಟದಲ್ಲಿ ಮಾಡಿದ್ದು. ಅವಳಿಗೆ ಕೊಟ್ಟೆ. ವಾಪಸ್ ಅಡುಗೆಮನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಹೊಲಿಗೆ ಮಿಷಿನ್ನಿನ ಪಕ್ಕ ಕೂತಿದ್ದ ದಪ್ಪ ಹೆಂಗಸು, “ಕೊಡೇ ಮರಿ, ಒಂದು ತುದಿ,” ಅಂತ ಪುಟ್ಟಿಯಿಂದ ಕ್ಯಾಂಡಿ ಇಸಿದುಕೊಂಡು ಕಟುಂ ಅಂತ ಕಚ್ಚಿದರು. ಈಜುಕೊಳದ ಕ್ಯಾಂಟೀನ್ ನಡೆಸೋರು. ಕ್ಯಾಂಟೀನಮ್ಮ ಅಂತಲೇ ಎಲ್ಲರೂ ಕರೆಯೋದು. ಕಿಟಕಿ ಪರದೆ ಹೊಲಿಸೋಕೆ ಅಳತೆ ತಂದಿದ್ದರು.

“ಬಣ್ಣ ಹಾಕಿದ್ದೀಯೇನೋ?”

“ಇಲ್ಲ.”

“ಎಸೆನ್ಸು?”

“ಹಣ್ಣು, ಸಕ್ಕರೆ ಪಾಕ, ನಿಂಬೆರಸ, ಒಂದು ಚಿಟಿಕೆ ಉಪ್ಪು. ಅಷ್ಟೇ.”

ಅವರು ಇನ್ನೊಂದು ತುಂಡು ಕಚ್ಚಿದರು. ಪುಟ್ಟಿಯ ಮುಖ ಸಣ್ಣದಾಯಿತು. “ನಮ್ಮಲ್ಲಿಗೆ ಬರೋ ಕ್ಯಾಂಡಿ ತಿಂದ್ರೆ ಮಕ್ಕಳ ನಾಲಿಗೆ ಹಸಿರಾಗುತ್ತೆ, ಅಮ್ಮಂದಿರು ಬಂದು ನನ್ನ ಜೀವ ಹಿಂಡ್ತಾರೆ. ಮುಂದಿನ ಶನಿವಾರ ಮೂರು ಗಂಟೆಗೆ ಪರದೆ ತಗೊಂಡು ಹೋಗೋಕೆ ಬರ್ತೀನಿ. ಹನ್ನೆರಡು ಮಾಡಿಡು, ಮೂರು ಥರ ಹಣ್ಣಲ್ಲಿ. ಹನ್ನೆರಡೂ ಹಿಂಗೇ ಇದ್ರೆ ಬೇಸಿಗೆ ಪೂರ್ತಿ ನೀನೇ ಮಾಡು. ಕ್ಯಾಂಟೀನ್ ಹಿಂದೆ ಒಂದು ರೂಮಿದೆ. ದೊಡ್ಡ ಫ್ರೀಜರ್ ಇದೆ, ಮಂಚ ಇದೆ. ಇರೋದಾದ್ರೆ ಅಲ್ಲೇ ಇರು.”

ಮಂಚ ಅಂದದ್ದೇ ನನಗೆ ಕೇಳಿಸಿದ್ದು. ನಾನು ಮಲಗೋದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಭಾವ ಏಳುವ ಮೊದಲು ಚಾಪೆ ಸುತ್ತಿಡಬೇಕು, ಇಲ್ಲದಿದ್ದರೆ ಅವನು ಬಚ್ಚಲಿಗೆ ಹೋಗುವಾಗ ನನ್ನ ಮೇಲೇ ಹಾದು ಹೋಗುತ್ತಾನೆ. ದಾಟಿ ಹೋಗುತ್ತಾನೆ ಅಂದರೆ ತಪ್ಪಾಗುತ್ತದೆ, ತುಳಿದೇ ಹೋಗುತ್ತಾನೆ. ಮೂರು ವರ್ಷದಿಂದ ಹೀಗೇ. ಅಪ್ಪ ತೀರಿಕೊಂಡ ವರ್ಷ ನಾನು ಸ್ಕೂಲು ಬಿಟ್ಟೆ, ಫ್ರಿಜ್ ರಿಪೇರಿ ಅಂಗಡಿ ಸೇರಿದೆ. ಎರಡು ವರ್ಷಕ್ಕೆ ಅಂಗಡಿ ಮುಚ್ಚಿತು, ಅಕ್ಕ ಬಾ ಅಂದಳು, ಬಂದೆ. ಅಕ್ಕ ಹಾಗಂದಾಗ ಭಾವ ಪೇಪರ್ ತಿದ್ದುತ್ತಿದ್ದನಂತೆ. ಕತ್ತೆತ್ತಲಿಲ್ಲವಂತೆ. ಅದನ್ನೇ ಅಕ್ಕ ಒಪ್ಪಿಗೆ ಅಂದುಕೊಂಡಳು.

“ಹನ್ನೆರಡಾ?” ಅಂದ ಭಾವ. “ಹನ್ನೆರಡರ ಮಗ್ಗಿ ಬರುತ್ತೇನೋ ನಿಂಗೆ?”

ಡ್ರಿಲ್ ಮೇಷ್ಟ್ರು ಮೇಜು ತಟ್ಟಿ ಮತ್ತೆ ನಕ್ಕರು.

ಆ ವಾರ ನಾನು ಯಾರ ಜೊತೆಗೂ ಮಾತಾಡಲಿಲ್ಲ, ಹಣ್ಣಿನ ಜೊತೆ ಮಾತ್ರ. ಮಾವು ಕಷ್ಟ ಕೊಡುವ ಹಣ್ಣಲ್ಲ. ನಾರು ಸೋಸಿದರೆ ಸಾಕು, ಹೇಳಿದ ಮಾತು ಕೇಳುತ್ತದೆ. ಕಲ್ಲಂಗಡಿ ಬರೀ ನೀರು, ಹಾಗೇ ಗಟ್ಟಿ ಮಾಡಿದರೆ ಹಲ್ಲು ಮುರಿಯುತ್ತದೆ. ಅದರ ರಸವನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಆಮೇಲೆ ಹಸಿ ರಸ ಬೆರೆಸಬೇಕು. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಕುದಿಸಿ ಹಿಂಡಬೇಕು, ಬಣ್ಣ ಇರೋದು ಸಿಪ್ಪೆಯಲ್ಲೇ. ಸಕ್ಕರೆ ವಿಷಯ ಬೇರೆ. ಬೆಚ್ಚಗಿರುವಾಗ ನಾಲಿಗೆಗೆ ಸರಿ ಅನ್ನಿಸಿದ್ದು ಗಟ್ಟಿಯಾದ ಮೇಲೆ ಸಪ್ಪೆ. ತಂಪು ಸಿಹಿಯನ್ನು ತಿಂದುಹಾಕುತ್ತದೆ. ಹಾಗಂತ ಸುರಿದರೆ ಗಟ್ಟಿಯೇ ಆಗಲ್ಲ, ಮುದ್ದೆ. ನಾಲ್ಕು ಸೌಟು ರಸಕ್ಕೆ ಒಂದು ಸೌಟು ಪಾಕ. ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ಕೆಡಿಸಿ ಕೆಡಿಸಿ ಕಲಿತದ್ದು. ಕೆಟ್ಟದ್ದನ್ನೆಲ್ಲ ಪುಟ್ಟಿ ತಿಂದಳು. ಬುಧವಾರ ಅವಳಿಗೆ ಶೀತವಾಯಿತು. ಅದೂ ನನ್ನ ಲೆಕ್ಕಕ್ಕೇ ಬಂತು.

ಶುಕ್ರವಾರ ಬೆಳಿಗ್ಗೆ ಮನೆಯ ಹನ್ನೆರಡೂ ಸ್ಟೀಲ್ ಲೋಟ ನನ್ನವಾದವು. ಫ್ರೀಜರ್ ಪೆಟ್ಟಿಗೆಯಲ್ಲಿ ಆರರಂತೆ ಎರಡು ಸಾಲು, ಒಂದು ಬೆರಳು ಕೂಡ ಹೆಚ್ಚಿಗೆ ಜಾಗವಿಲ್ಲ. ತಂಪಿನ ನಾಬ್ ಆರಕ್ಕೆ ತಿರುಗಿಸಿದೆ. ಏಳರವರೆಗೆ ಇದೆ, ಆದರೆ ಹಳೇ ಫ್ರಿಜ್ಜು, ಏಳಕ್ಕೆ ಇಟ್ಟರೆ ಮೋಟಾರು ನಿಲ್ಲದೆ ನರಳುತ್ತದೆ. ಮೂರು ಗಂಟೆ ಬಿಟ್ಟು, ಅರ್ಧ ಗಟ್ಟಿಯಾದಾಗ ಕಡ್ಡಿ ನೆಟ್ಟೆ. ಮೊದಲೇ ನೆಟ್ಟರೆ ಓಲುತ್ತದೆ, ತಡವಾದರೆ ಇಳಿಯುವುದೇ ಇಲ್ಲ. ಹನ್ನೆರಡೂ ನೆಟ್ಟಗೆ ನಿಂತವು, ಭಾವನ ಸ್ಕೂಲಿನ ಮಕ್ಕಳು ಅವನ ಮುಂದೆ ನಿಲ್ಲುವ ಹಾಗೆ. ಇನ್ನು ಶನಿವಾರ ಮೂರು ಗಂಟೆಯವರೆಗೆ ಬಾಗಿಲು ತೆಗೆಯಬಾರದು. ಹಾಲು, ಸೊಪ್ಪು, ಪುಟ್ಟಿಯ ಔಷಧಿ ಎಲ್ಲ ಹೊರಗೆ ತೆಗೆದು ನೀರಿನ ಬೋಗುಣಿಯಲ್ಲಿಟ್ಟೆ. ಹಳೇ ಕ್ಯಾಲೆಂಡರಿನ ಹಿಂದೆ ‘ನಾಳೆ ಮೂರರ ತನಕ ಬಾಗಿಲು ತೆಗೀಬೇಡಿ’ ಅಂತ ಬರೆದು ಅಂಟಿಸಿದೆ.

ಸಂಜೆ ಭಾವ ಸ್ಕೂಲಿಂದ ಬಂದ.

“ತಣ್ಣೀರು?”

“ಮಡಕೇಲಿದೆ,” ಅಂದಳು ಅಕ್ಕ.

“ಲೋಟ?”

ಅಕ್ಕ ಹಲ್ಲುಜ್ಜುವ ಮಗ್ಗನ್ನು ತೊಳೆದು ಅದರಲ್ಲಿ ನೀರು ಕೊಟ್ಟಳು. ಅವನು ಮಗ್ಗನ್ನು ನೋಡಿದ, ನನ್ನನ್ನು ನೋಡಿದ. “ನನ್ನ ಮನೇಲಿ ನಾನು ಬಚ್ಚಲ ಮಗ್ಗಲ್ಲಿ ನೀರು ಕುಡೀಬೇಕು. ಈ ಎಂಟನೇ ಕ್ಲಾಸು ಉದ್ಯಮಿ ಆಗ್ತಾನಂತೆ. ಆಗ್ಲಿ. ಎಷ್ಟು ದಿನ ಕುಣೀತಾನೋ ನೋಡೇಬಿಡ್ತೀನಿ.”

“ಒಂದು ದಿನ ತಡ್ಕೊಳ್ರೀ,” ಅಂದಳು ಅಕ್ಕ.

“ಮೂರು ವರ್ಷ ತಡ್ಕೊಂಡಿದ್ದೀನಲ್ಲ.”

ನನ್ನ ಕೈಯಲ್ಲಿ ಸೌಟು ಇತ್ತು. ಹೊಡೆಯೋಕೆ ಒಳ್ಳೇ ತೂಕದ ಸೌಟು. ಅದನ್ನು ಮೊಳೆಗೆ ನೇತುಹಾಕಿ ಸ್ನಾನಕ್ಕೆ ಹೋದೆ. ಒಂದಲ್ಲ ಎರಡಲ್ಲ, ನಾಲ್ಕು ಬಕೆಟ್ ನೀರು ಸುರಿದುಕೊಂಡೆ. ಹೊರಗೆ ಬಂದಾಗ ಫ್ರಿಜ್ ಬಾಗಿಲ ಮೇಲಿನ ನನ್ನ ಚೀಟಿಯಲ್ಲಿ ಎರಡು ಕಡೆ ಕೆಂಪು ಗೆರೆ ಎಳೆದಿತ್ತು, ಕೆಳಗೆ ‘ಹತ್ತಕ್ಕೆ ಮೂರು’ ಅಂತ ಅಂಕ ಹಾಕಿತ್ತು. ಅವನು ತಿದ್ದೋದೇ ಹಾಗೆ. ದಿನಸಿ ಚೀಟಿ ತಿದ್ದುತ್ತಾನೆ, ಮದುವೆ ಕರೆಯೋಲೆ ತಿದ್ದುತ್ತಾನೆ, ಪಕ್ಕದ ಮನೆಯವರ ಗೇಟಿನ ‘ನಾಯಿ ಇದೆ’ ಬೋರ್ಡು ತಿದ್ದಿ ಅವರ ಕೈಲಿ ಬೈಸಿಕೊಂಡಿದ್ದಾನೆ. ಕಣ್ಣಿಗೆ ತಪ್ಪು ಅಂತ ಬಿದ್ದರೆ ಅವನ ಕೈ ಸುಮ್ಮನಿರಲ್ಲ. ಚೀಟಿ ಕಿತ್ತೆಸೆಯಬೇಕು ಅನ್ನಿಸಿತು. ಬಿಟ್ಟೆ. ಬಾಗಿಲು ಮುಚ್ಚಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಶನಿವಾರ ಮೂರಕ್ಕೆ ಐದು ನಿಮಿಷ ಇರುವಾಗಲೇ ಕ್ಯಾಂಟೀನಮ್ಮ ಬಂದರು. ಮೇಜಿನ ಸುತ್ತ ಮೂವರೂ ಇದ್ದರು, ಪೇಪರಿನ ಕಟ್ಟುಗಳ ನಡುವೆ. ನಾನು ಮೊದಲೇ ಬೋಗುಣಿಯಲ್ಲಿ ನೀರು ತುಂಬಿ, ಬಿಳಿ ತಟ್ಟೆ ತೊಳೆದು ಒರೆಸಿಟ್ಟಿದ್ದೆ. ಫ್ರಿಜ್ ಬಾಗಿಲು ತೆಗೆದು ಮಾವಿನ ಲೋಟ ಎತ್ತಿದೆ. ಹತ್ತು ಎಣಿಸುವವರೆಗೆ ನೀರಲ್ಲಿ ಅದ್ದಿದೆ. ಕಡ್ಡಿ ಹಿಡಿದು ಮೆಲ್ಲಗೆ ಎಳೆದೆ.

ಕಡ್ಡಿ ಮಾತ್ರ ಬಂತು.

ಎರಡನೇ ಲೋಟ. ಕಡ್ಡಿ ಮಾತ್ರ. ದ್ರಾಕ್ಷಿ ಲೋಟ ಓರೆ ಮಾಡಿದೆ, ಒಳಗಿನದು ಕೆಸರಿನ ಹಾಗೆ ಸರಿಯಿತು.

“ಕಡ್ಡಿ ಐಸ್ ಕ್ಯಾಂಡಿ ಅಂದಿದ್ದ, ಕಡ್ಡಿ ಕೊಟ್ಟ,” ಅಂದ ಭಾವ. “ಐಸ್ ಕ್ಯಾಂಡಿ ಕಂತಲ್ಲಿ ಬರುತ್ತೆ, ಕಾಯಿರಿ.”

ಮೇಡಂ ನಕ್ಕರು. ಡ್ರಿಲ್ ಮೇಷ್ಟ್ರು ನಗುತ್ತಾ ಕೆಮ್ಮಿದರು. ಕ್ಯಾಂಟೀನಮ್ಮ ನಗಲಿಲ್ಲ. ಬಗಲಲ್ಲಿ ಪರದೆ ಗಂಟು ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು, ಒಂದು ವಾರ ಕಾದದ್ದು ದಂಡ ಅನ್ನುವ ಹಾಗೆ. ಮಂಚ, ರೂಮು, ಬಾಗಿಲಿರುವ ಒಂದು ರೂಮು. ಎಲ್ಲ ಆ ಬೋಗುಣಿ ನೀರಲ್ಲಿ ಕದಡುತ್ತಿತ್ತು. ಪಾಕ ಹೆಚ್ಚಾಯಿತಾ? ಇಲ್ಲ, ನಾಲ್ಕಕ್ಕೆ ಒಂದೇ. ಮತ್ತೆ ಫ್ರಿಜ್ಜಿನೊಳಗೆ ತಲೆ ಹಾಕಿದೆ. ಆಗ ನಾಬ್ ಕಂಡಿತು.

ಒಂದರಲ್ಲಿತ್ತು.

“ಯಾರು ಇದನ್ನ ಮುಟ್ಟಿದ್ದು?”

ನನ್ನ ದನಿ ಹೇಗಿತ್ತೋ, ಪುಟ್ಟಿ ಅಕ್ಕನ ಸೆರಗಿನ ಹಿಂದೆ ಹೋದಳು.

“ನಾನು,” ಅಂದ ಭಾವ, ಒಂಚೂರೂ ಅಳುಕಿಲ್ಲದೆ. “ತಪ್ಪಿತ್ತು, ತಿದ್ದಿದೆ. ನಿನ್ನೆ ನೀನು ಸ್ನಾನಕ್ಕೆ ಹೋದಾಗ. ಮಹಾನುಭಾವ ಆರಕ್ಕಿಟ್ಟಿದ್ದ! ಆರು ಡಿಗ್ರಿಯಲ್ಲಿ ನೀರು ಗಟ್ಟಿಯಾಗುತ್ತೇನ್ರೀ ಮೇಡಂ? ಸೊನ್ನೆ ಹತ್ತಿರ ಬರಬೇಕು. ಒಂದಕ್ಕೆ ತಂದೆ. ನನ್ನಿಂದ ಇಷ್ಟಾದ್ರೂ ಉಪಕಾರವಾಗ್ಲಿ ಅಂತ. ಅಷ್ಟು ಮಾಡಿಕೊಟ್ರೂ ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ…”

ಯಾರೂ ನಗಲಿಲ್ಲ. ಕ್ಯಾಂಟೀನಮ್ಮ ಪರದೆ ಗಂಟನ್ನು ಕುರ್ಚಿ ಮೇಲಿಟ್ಟರು.

“ಮೇಷ್ಟ್ರೇ, ಹದಿನೈದು ವರ್ಷದಿಂದ ಫ್ರೀಜರ್ ಜೊತೆ ಸಂಸಾರ ಮಾಡ್ತಿದ್ದೀನಿ. ಒಂದು ಅಂದ್ರೆ ಎಲ್ಲಕ್ಕಿಂತ ಕಮ್ಮಿ ತಂಪು. ಏಳು ಅಂದ್ರೆ ಜಾಸ್ತಿ.”

“ಅದು ಹೇಗೆ ಸಾಧ್ಯ?”

ಅಷ್ಟು ಹೊತ್ತೂ ಪೆನ್ನಿನ ತುದಿ ನೋಡುತ್ತಿದ್ದ ಡ್ರಿಲ್ ಮೇಷ್ಟ್ರು ಮೆಲ್ಲಗೆ ಕತ್ತೆತ್ತಿದರು. “ಸಾರ್, ನಮ್ಮನೇಲೂ ನೀವು ಹೇಳಿದ್ರಿ ಅಂತ ಒಂದಕ್ಕೇ ಇಟ್ಟಿದ್ದೀನಿ. ಎರಡು ತಿಂಗಳಿಂದ ಹಾಲು ಒಡೀತಾ ಇದೆ. ನಮ್ಮನೆಯವಳು ಹಾಲಿನವನ ಜೊತೆ ಮಾತೇ ಬಿಟ್ಟಿದ್ದಾಳೆ.”

ಗಣಿತದ ಮೇಡಂ ಒಂದು ಪೇಪರ್ ಎಳೆದುಕೊಂಡು, ಆಗಲೇ ಕೂಡಿದ್ದ ಅಂಕವನ್ನು ಮತ್ತೆ ಕೂಡಲು ಶುರು ಮಾಡಿದರು. ಭಾವನ ಕುತ್ತಿಗೆ ಕೆಂಪಾಯಿತು. ಬೇಕಂತಲೇ ಕೆಡಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಕೈ ಎತ್ತುತ್ತಿದ್ದೆ, ಮುಗಿದುಹೋಗುತ್ತಿತ್ತು. ಆದರೆ ಇವನು ತಿದ್ದಿದ್ದ. ನನ್ನ ಐದು ದಿನದ ಕೆಲಸವನ್ನು ಚೀಟಿ ತಿದ್ದಿದ ಹಾಗೇ ತಿದ್ದಿ, ಕೈ ಒರೆಸಿಕೊಂಡು, ಹೋಗಿ ನೆಮ್ಮದಿಯಾಗಿ ಮಲಗಿದ್ದ.

ಕ್ಯಾಂಟೀನಮ್ಮ ಮೂರೂ ಹಣ್ಣಿನ ಲೋಟ ಎತ್ತಿ, ಒಂದೊಂದರಿಂದ ಎರಡೆರಡು ಗುಟುಕು ಕುಡಿದರು. ದ್ರಾಕ್ಷಿಯದನ್ನು ಖಾಲಿಯೇ ಮಾಡಿದರು.

“ರುಚಿ ಸರಿಯಾಗಿದೆ. ಗಟ್ಟಿ ಮಾಡ್ತೀಯೋ ಇಲ್ವೋ ಅದನ್ನ ನನ್ನ ಫ್ರೀಜರಲ್ಲಿ ತೋರಿಸು. ಆಗ್ಲಿಲ್ಲ ಅಂದ್ರೆ ವಾಪಸ್ ಕಳಿಸ್ತೀನಿ, ಮುಲಾಜಿಲ್ಲ. ಯಾವಾಗ ಬರ್ತೀಯ?”

“ಈಗಲೇ.”

ಓಣಿಯಿಂದ ಚಾಪೆ ತಂದೆ, ಎರಡು ಶರ್ಟು ಅದರೊಳಗೆ ಸುತ್ತಿದೆ. ಅಕ್ಕ ಫ್ರಿಜ್ ಹತ್ತಿರ ಬಂದಳು. ಲೋಟಗಳಲ್ಲಿದ್ದದ್ದನ್ನು ಪಾತ್ರೆಗೆ ಬಗ್ಗಿಸಿ, ತೊಳೆದು, ಹನ್ನೆರಡನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿದಳು.

“ಎಲ್ಲಾ ಕೊಟ್ರೆ ನಾವು ಯಾವುದರಲ್ಲಿ ಕುಡಿಯೋದು?” ಅಂದ ಭಾವ.

“ಮಗ್ಗಿದೆಯಲ್ಲ,” ಅಂದಳು ಅಕ್ಕ. ಚೀಲವನ್ನು ನನ್ನ ಹೆಗಲಿಗೆ ಹಾಕಿ, ಹಿಡಿ ಸರಿಮಾಡಿದಳು.

ಬಾಗಿಲ ಹತ್ತಿರ ಬಂದಿದ್ದೆ. ಹಿಂದೆ ಕುರ್ಚಿ ಕಿರ್ ಅಂತ ಸರಿಯಿತು.

“ಏಯ್ ಎಂಟನೇ ಕ್ಲಾಸು! ಅಷ್ಟು ತಿಳಿದೋನಾದ್ರೆ ಹೇಳಿ ಹೋಗು. ನಂಬರು ಮೇಲೆ ಹೋದ್ರೆ ತಂಪು ಹೇಗೆ ಜಾಸ್ತಿ ಆಗುತ್ತೆ? ಆ ನಂಬರು ಡಿಗ್ರಿ ಅಲ್ಲ ಅಂದ್ರೆ ಮತ್ತೇನು?”

ನನಗೆ ಗೊತ್ತಿತ್ತು. ರಿಪೇರಿ ಅಂಗಡಿಯಲ್ಲಿ ಮೊದಲ ವಾರವೇ ಗೊತ್ತಾಗಿತ್ತು. ಆ ನಂಬರು ಫ್ರಿಜ್ಜಿನ ಒಳಗೆ ಎಷ್ಟು ತಂಪಿದೆ ಅನ್ನೋದಲ್ಲ, ಮೋಟಾರಿನ ಕೈಲಿ ಎಷ್ಟು ದುಡಿಸಬೇಕು ಅನ್ನೋದು. ಎರಡೇ ಮಾತಿನ ಉತ್ತರ. ಮೇಡಂ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು, ಡ್ರಿಲ್ ಮೇಷ್ಟ್ರಿಗಂತೂ ಹಾಲಿನ ಚಿಂತೆ. ಮೂವರು ಮೇಷ್ಟ್ರುಗಳು ನನ್ನ ಬಾಯನ್ನೇ ನೋಡುತ್ತಿದ್ದರು.

ಚಪ್ಪಲಿ ಮೆಟ್ಟಿಕೊಂಡೆ. ಕ್ಯಾಂಟೀನಮ್ಮ ಮತ್ತೆ ಎತ್ತಿಕೊಂಡಿದ್ದ ಪರದೆ ಗಂಟನ್ನು ಇಸಿದುಕೊಂಡು ಚಾಪೆಯ ಮೇಲಿಟ್ಟು, ಎರಡನ್ನೂ ಬಗಲಿಗೆ ಸಿಕ್ಕಿಸಿದೆ. ಮೆಟ್ಟಿಲು ಇಳಿಯುವಾಗ ಹನ್ನೆರಡು ಲೋಟಗಳೂ ಬೆನ್ನ ಮೇಲೆ ಗಣಗಣ ಅಂದವು.

“ಹೇಳೋ!” ಅಂತ ಮೇಲಿನಿಂದ ಕೂಗಿದ. ಮತ್ತೆ ಕೂಗಿದ. ನಾನು ಬೀದಿಗೆ ಇಳಿದಿದ್ದೆ.