ಸವೆದ ರೂಪಾಯಿಯ ತೂಕ

ತಕ್ಕಡಿಯ ಗಾಜನ್ನು ಮೊದಲು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿದೆ. ಫ್ಯಾನು ಆರಿಸಿದೆ, ಗಾಳಿಗೆ ಅಂಕಿ ಅಲುಗುತ್ತದೆ. ಸೊನ್ನೆ ನಿಂತ ಮೇಲೆ ಗಾಜಿನ ಬಾಗಿಲು ಮುಚ್ಚಿದೆ. ಗೋಡೆ ಬದಿಯ ಸ್ಟೂಲಿನ ಮೇಲೆ ಕೂತ ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

ಶಿರಸಿಯ ಈ ಬೆಳ್ಳಿ ಅಂಗಡಿ ಕಮಲಾಕರ ಶೇಟರದು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಇಲ್ಲಿ ತೂಗುವುದು, ಒರೆಸುವುದು, ಚೀಟಿ ಬರೆಯುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಮಾತು ಶೇಟರದು. ನನಗೆ ಅದು ಬರುವುದಿಲ್ಲ, ಅವರೂ ಒತ್ತಾಯ ಮಾಡುವುದಿಲ್ಲ.

ತಪ್ಪು ನನ್ನದೇ. ದೀಪಾವಳಿಯಲ್ಲಿ ಲಕ್ಷ್ಮಿಯ ಮುಂದೆ ಇಡುವ, ಬ್ರಿಟಿಷ್ ರಾಜನ ತಲೆಯ ಬೆಳ್ಳಿ ರೂಪಾಯಿ ನಮ್ಮ ಮನೆಯಲ್ಲಿ ಒಂದೇ ಒಂದಿದೆ. ಹಬ್ಬ ಮುಗಿದ ಮೇಲೆ ಅದನ್ನು ಸುಮ್ಮನೆ ತಂದು ತೂಗಿದ್ದೆ. ಅಂಥ ರೂಪಾಯಿ ಹನ್ನೊಂದೂವರೆ ಗ್ರಾಂ ದಾಟಬೇಕು. ನಮ್ಮದು ಹನ್ನೊಂದನ್ನೂ ಮುಟ್ಟಲಿಲ್ಲ. ಟಂಕಸಾಲೆಯಲ್ಲಿ ತೆಳು ಬಿಲ್ಲೆಯ ಮೇಲೆ ಅಚ್ಚು ಬಿದ್ದು ತೂಕ ಕಡಿಮೆಯಾದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಮೊಬೈಲಿನಲ್ಲಿ ಒಬ್ಬ ಹೇಳುತ್ತಿದ್ದ. ಆ ವಿಡಿಯೋವನ್ನು ಅವ್ವನಿಗೆ ತೋರಿಸಿದೆ.

ಅವ್ವ ಬನವಾಸಿ ಕಡೆಯ ಒಂದು ಹಾಸ್ಟೆಲಿನಲ್ಲಿ ನೂರು ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಮಂಡಿ ಊದಿಕೊಂಡು, ಬಸ್ಸಿನ ಒಂದೊಂದು ಮೆಟ್ಟಿಲ ಮೇಲೂ ಎರಡೂ ಪಾದ ಕೂಡಿಸಿ ನಿಂತು ಹತ್ತುತ್ತಾಳೆ. ವಿಡಿಯೋವನ್ನು ಎರಡು ಸಲ ನೋಡಿದಳು. ಮೂರನೆಯ ದಿನ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ವಾರ್ಡನ್ನರಿಗೆ ಹೇಳಿ ಬಂದಳು.

ಹಳೆ ನಾಣ್ಯ ಕೊಳ್ಳುವ ಉದಯ ಎಂಬವರು ಪ್ರತಿ ಮಂಗಳವಾರ ಹುಬ್ಬಳ್ಳಿಯಿಂದ ಶೇಟರಲ್ಲಿಗೆ ಬರುತ್ತಾರೆ. ಅವ್ವ ಸ್ಟೂಲಿನ ಮೇಲೆ ಕಾಯುತ್ತಿದ್ದ ಆ ದಿನವೂ ಬಂದರು. ರೂಪಾಯಿಯನ್ನು ಗಾಜಿನೊಳಗೆ ಇಟ್ಟೆ. ಹತ್ತು ಪಾಯಿಂಟ್ ಒಂಬತ್ತು ಗ್ರಾಂ. ತೂಕ ಕಡಿಮೆ ಇರುವುದು ನಿಜ ಎಂದು ಅವರೇ ಒಪ್ಪಿದರು. ಅವ್ವ ಸ್ಟೂಲಿನಿಂದ ಅರ್ಧ ಎದ್ದಳು.

ಉದಯ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬಿಲ್ಲೆಯೇ ತೆಳುವಾಗಿದ್ದರೆ ಸುತ್ತಲೂ ಒಂದೇ ಸಮ ತೆಳುವಾಗಿರುತ್ತದಂತೆ, ಅಚ್ಚು ಅಲ್ಲಲ್ಲಿ ಸರಿಯಾಗಿ ಮೂಡಿರುವುದಿಲ್ಲವಂತೆ. ಸವೆದದ್ದಾದರೆ ಎತ್ತರದ ಭಾಗ ಮೊದಲು ಹೋಗುತ್ತದೆ. ಇಲ್ಲಿ ರಾಜನ ಕೆನ್ನೆಯೂ ಮೀಸೆಯೂ ನುಣ್ಣಗಾಗಿದ್ದವು. ವರ್ಷ ವರ್ಷವೂ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದವಳು ನಾನೇ. ನಿಜವಾದ ಟಂಕಸಾಲೆಯ ತಪ್ಪಿಗೂ ಲಕ್ಷ ಬರುವುದಿಲ್ಲ, ನಾಣ್ಯದ ಗೀಳಿರುವವರು ಸಿಕ್ಕರೆ ಕೆಲವು ಸಾವಿರ. ಲಕ್ಷದ ಮಾತಾಡುವವರು ಮೊದಲು ನಿಮ್ಮಿಂದಲೇ ಫೀಸು ಕೇಳುತ್ತಾರೆ ಎಂದರು. ಆಮೇಲೆ ನಾಣ್ಯದ ಅಂಚನ್ನು ತಿರುಗಿಸುತ್ತಾ ಒಂದು ಕಡೆ ಬೆರಳು ನಿಲ್ಲಿಸಿದರು. ಅಂಚಿನ ಸುತ್ತಲೂ ಇರುವ ಸಣ್ಣ ಗೀರುಗಳು ಅಲ್ಲಿ ಇರಲೇ ಇಲ್ಲ. ಉಗುರಿನಷ್ಟು ಅಗಲ ಚಪ್ಪಟೆಯಾಗಿತ್ತು.

"ಇದನ್ನ ಎದಕ್ಕ ತಿಕ್ಕೀರಿ, ಅಕ್ಕಾರ?"

ನನಗೆ ಆಗ ನೆನಪಾಯಿತು. ನಮ್ಮಲ್ಲಿ ಹಸುಗೂಸಿಗೆ ಬಜೆ, ಜಾಯಿಕಾಯಿ ತೇಯುವಾಗ ಅದೇ ಕಲ್ಲಿನ ಮೇಲೆ ಈ ರೂಪಾಯಿಯ ಅಂಚನ್ನೂ ನಾಲ್ಕು ಸುತ್ತು ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ಹೋದ ವರ್ಷ ಅಕ್ಕ ರೋಹಿಣಿಯ ಮಗುವಿಗೆ ಅವ್ವ ತೇಯುವಾಗ ಕಲ್ಲು ಹಿಡಿದವಳು ನಾನು. ತೂಗುವ ದಿನ ಅದು ತಲೆಗೇ ಬಂದಿರಲಿಲ್ಲ.

"ಕೂಸುಗಳಿಗೆ ತೇಯ್ದೇವ್ರಿ," ಅಂದಳು ಅವ್ವ. "ನಮ್ಮತ್ತಿ ಕಾಲದಿಂದ. ಇಕಿಗೂ ತೇಯ್ದೀನಿ."

"ಹಂಗಾರ ಇದು ಟಂಕಸಾಲಿ ತಪ್ಪಲ್ರೀ. ಕಡಿಮಿ ಆಗಿದ್ದು ನಿಮ್ಮ ಮಕ್ಕಳ ಹೊಟ್ಟ್ಯಾಗ ಐತಿ."

"ಹಾಗಾದ್ರೆ ತಕ್ಕಡಿ ಮೇಲೆ ಇವಳನ್ನೇ ಕೂರಿಸ್ಬೇಕು, ಗೌರಕ್ಕ," ಎಂದು ಶೇಟರು ಅವ್ವನತ್ತ ತಿರುಗಿ ನಕ್ಕರು. ಅವರೊಬ್ಬರೇ ನಕ್ಕರು.

ಬೆಳ್ಳಿಯ ಬೆಲೆಗೆ ಬೇಕಾದರೆ ತೆಗೆದುಕೊಳ್ಳುತ್ತೇನೆ ಎಂದರು ಉದಯ. ಅದು ಅವ್ವನ ಒಂದು ವಾರದ ಸಂಬಳವೂ ಆಗುತ್ತಿರಲಿಲ್ಲ. ಅವ್ವ ಕೈ ಚಾಚಿ ರೂಪಾಯಿ ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿದಳು. ಶೇಟರು ನನ್ನನ್ನು ಬೇಗ ಬಿಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನನ್ನ ಮೊಬೈಲು ಕೇಳಿದಳು. ವಾರ್ಡನ್ನರಿಗೆ ಫೋನು ಮಾಡಿ, ಬಿಡುತ್ತೇನೆ ಅಂದದ್ದನ್ನು ಮರೆತುಬಿಡಿ, ನಾಳೆ ಬೆಳಿಗ್ಗೆ ಐದಕ್ಕೆ ಬರುತ್ತೇನೆ ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಬನವಾಸಿ ಬಸ್ಸು ಬಂತು. ಒಂದು ಮೆಟ್ಟಿಲು, ಎರಡು ಪಾದ. ಇನ್ನೊಂದು ಮೆಟ್ಟಿಲು, ಎರಡು ಪಾದ. ಹಿಂದಿನಿಂದ ಯಾರೋ ಬೇಗ ಹತ್ತಿ ಎಂದರು.

ಕಿಟಕಿ ಬದಿಗೆ ಕೂತು ಅವ್ವ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡಳು. ನಾನು ಪಕ್ಕದಲ್ಲಿ ಕೂತೆ. ಇದೆಲ್ಲ ನನ್ನಿಂದಾಯಿತು ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಅವ್ವಾ, ನಾಳಿ ಒಂದಿನಾ ಮನ್ಯಾಗ ಇರು."

ಕಂಡಕ್ಟರು ಬಂದು, ನಮ್ಮ ಆಧಾರ್ ಕಾರ್ಡು ನೋಡಿ, ಎರಡು ಚೀಟಿ ಕೊಟ್ಟು ಮುಂದೆ ಹೋದರು. ಅವ್ವ ತನ್ನ ಚೀಟಿಯನ್ನು ಸಣ್ಣಗೆ ಮಡಚಿ ಹೊರಗೆ ನೋಡುತ್ತಿದ್ದಳು.

"ಒಂದ ದಿನಾ ಇರು, ಅವ್ವಾ."